ಆಕ್ಸೆಸ್ ಪಾಯಿಂಟ್‌ಗೆ ಯಾವ ಕೆಲಸ ಕೊಡಬೇಕು?

ಒಂದು ಹಾಸ್ಟೆಲ್‌ನ ವೈಫೈ ಸರಿ ಮಾಡಲು ಹೋದಾಗ ಮೊದಲು ಒಂದು ಹಾಳೆ ತೆಗೆದುಕೊಂಡು ಯಾವ ಪೆಟ್ಟಿಗೆ ಯಾವ ಕೆಲಸ ಮಾಡಬೇಕು ಅಂತ ಬರೆದೆ. ಅಲ್ಲಿ ಮಹಡಿಗೊಂದು ವೈಫೈ ರೂಟರ್ ಇತ್ತು. ಪ್ರತಿಯೊಂದೂ ಬೇರೆ ಬೇರೆಯಾಗಿ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಫೋನಿನ ವಿಳಾಸ, ಹಂಚುತ್ತಿತ್ತು. ಹುಡುಗರು ಮೆಟ್ಟಿಲು ಹತ್ತಿದರೆ ವಾಟ್ಸ್ಯಾಪ್ ಕರೆ ಕಟ್. ಸಿಗ್ನಲ್ ಮಾತ್ರ ಎಲ್ಲ ಕಡೆ ಚೆನ್ನಾಗೇ ಇತ್ತು.

ಗಾಳಿಯಲ್ಲಿ ಬಂದದ್ದನ್ನು ತಂತಿಗೆ, ತಂತಿಯಲ್ಲಿ ಬಂದದ್ದನ್ನು ಗಾಳಿಗೆ ದಾಟಿಸುವುದು ಆಕ್ಸೆಸ್ ಪಾಯಿಂಟ್‌ನ ಮೂಲ ಕೆಲಸ. ಜೊತೆಗೆ ಸೆಕೆಂಡಿಗೆ ಸುಮಾರು 10 ಸಲ ಬೀಕನ್, ಅಂದರೆ ‘ನಾನಿಲ್ಲಿದ್ದೇನೆ’ ಅಂತ ಸಾರುವ ಪುಟ್ಟ ಸಂದೇಶ, ಕಳಿಸಬೇಕು, ಪಾಸ್‌ವರ್ಡ್ ನೋಡಿ ಫೋನನ್ನು ಸೇರಿಸಿಕೊಳ್ಳಬೇಕು, ಬೇರೆಯವರು ಓದಲಾಗದಂತೆ ಡೇಟಾವನ್ನು ಎನ್‌ಕ್ರಿಪ್ಶನ್ ಮಾಡಬೇಕು. ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ನನಗೆ ಅದೇ ಜಾಸ್ತಿ ಇಷ್ಟ. ಬ್ಯಾಟರಿ ಉಳಿಸಲು ಫೋನಿನ ವೈಫೈ ಆಗಾಗ ನಿದ್ದೆ ಹೋಗುತ್ತದೆ. ಆಗ ಅದಕ್ಕೆ ಬಂದ ಡೇಟಾವನ್ನು ಆಕ್ಸೆಸ್ ಪಾಯಿಂಟ್ ತನ್ನಲ್ಲೇ ಇಟ್ಟುಕೊಂಡು, ‘ನಿನಗೆ ಬಂದದ್ದು ಇಲ್ಲಿದೆ’ ಅಂತ ಬೀಕನ್‌ನಲ್ಲಿ ಸೂಚನೆ ಕೊಡುತ್ತದೆ.

ಐಪಿ ಹಂಚುವುದು, ನ್ಯಾಟ್ (ಒಳಗಿನ ಹಲವು ಐಪಿಗಳನ್ನು ಹೊರಗೆ ಒಂದೇ ಆಗಿ ತೋರಿಸುವುದು), ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವುದು) ಇವನ್ನೆಲ್ಲ ನೆಲಮಹಡಿಯ ಒಂದೇ ರೂಟರ್‌ಗೆ ಬಿಟ್ಟೆ. ಉಳಿದವನ್ನು ಎಪಿ ಮೋಡ್‌ಗೆ, ಅಂದರೆ ಬರೀ ಆಕ್ಸೆಸ್ ಪಾಯಿಂಟ್ ಆಗಿ ಕೆಲಸ ಮಾಡುವ ಸೆಟ್ಟಿಂಗ್‌ಗೆ, ಹಾಕಿದೆ. ಕೆಲವು ಹಳೆಯದರಲ್ಲಿ ಆ ಮೋಡ್ ಇರಲಿಲ್ಲ. ಅಂಥವುಗಳಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಒಂದೊಂದಕ್ಕೂ ಬೇರೆ ಐಪಿ ಕೊಟ್ಟು, ಕೇಬಲ್ಲನ್ನು ಒಳಗಿನ ನೆಟ್‌ವರ್ಕ್‌ನ ಲ್ಯಾನ್ ಪೋರ್ಟ್‌ಗೆ ಚುಚ್ಚಿದೆ. ಇಂಟರ್ನೆಟ್ ಕಡೆಯ ವ್ಯಾನ್ ಪೋರ್ಟ್ ಖಾಲಿ ಬಿಡಬೇಕು. ಹೆಸರು, ಪಾಸ್‌ವರ್ಡ್ ಎಲ್ಲ ಕಡೆ ಒಂದೇ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡ ಬರದ 1, 6, 11 ಈ ಮೂರೇ ಚಾನೆಲ್ ಬಳಸಿದೆ.

ಒಂದು ಆಕ್ಸೆಸ್ ಪಾಯಿಂಟ್ ಬಿಟ್ಟು ಇನ್ನೊಂದಕ್ಕೆ ಯಾವಾಗ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದು ಫೋನೇ. ಇದು ತುಂಬ ಜನರಿಗೆ ಗೊತ್ತಿಲ್ಲ. ಸಿಗ್ನಲ್ ಪವರ್ ಸುಮ್ನೆ ಪೂರ್ತಿ ಏರಿಸಿಟ್ಟರೆ ಮೂರನೇ ಮಹಡಿಗೆ ಹೋದ ಫೋನ್ ಇನ್ನೂ ಕೆಳಗಿನದಕ್ಕೇ ಅಂಟಿಕೊಂಡಿರುತ್ತದೆ. ಅದಕ್ಕೇ ಪವರ್ ಇಳಿಸಿದೆ. ಮೆಟ್ಟಿಲ ಮೇಲೆ ಕರೆ ಕಟ್ ಆಗುವುದು ನಿಂತಿತು.

ದೊಡ್ಡ ಕಟ್ಟಡಗಳಲ್ಲಿ ಎಲ್ಲ ಆಕ್ಸೆಸ್ ಪಾಯಿಂಟ್‌ಗಳನ್ನು ಒಂದೇ ಕಡೆಯಿಂದ ನಡೆಸುವ ಕಂಟ್ರೋಲರ್ ಬಂದರೆ ಕೆಲಸ ಇನ್ನೊಮ್ಮೆ ಹಂಚಬೇಕಾಗುತ್ತದೆ. ಇಂಟರ್ನೆಟ್‌ನ ನಿಯಮ ರೂಪಿಸುವ ಸಂಸ್ಥೆ ಐಇಟಿಎಫ್ 2005ರಲ್ಲಿ ಆರ್‌ಎಫ್‌ಸಿ 4118 ಎಂಬ ದಾಖಲೆಯಲ್ಲಿ ಈ ಹಂಚಿಕೆಯ ಬಗೆಗಳನ್ನು ವಿಂಗಡಿಸಿದೆ. ಅದರಲ್ಲಿ ಸ್ಪ್ಲಿಟ್ ಮ್ಯಾಕ್ ಅನ್ನುವ ಬಗೆ ಇದೆ. ಬೀಕನ್‌ನಂಥ, ತಡವಾದರೆ ನಡೆಯದ ಕೆಲಸ ಆಕ್ಸೆಸ್ ಪಾಯಿಂಟ್‌ಗೆ. ಫೋನನ್ನು ಸೇರಿಸಿಕೊಳ್ಳುವ ಕೆಲಸ ಕಂಟ್ರೋಲರ್‌ಗೆ. ಹಾಸ್ಟೆಲ್‌ಗಳಿಗೆ ನಾನು ಇದನ್ನು ಹೇಳುವುದಿಲ್ಲ. ಅಲ್ಲಿ ಕಂಟ್ರೋಲರ್ ಕೆಟ್ಟರೆ ರಾತ್ರಿ ಹೋಗಿ ನೋಡುವವರು ಇರುವುದಿಲ್ಲ, ಅಲ್ವಾ? ಸೆಟ್ಟಿಂಗ್ ಬದಲಿಸಲು ಮಾತ್ರ ಅದು ಇರಲಿ. ಆಫ್ ಆದರೂ ಫೋನುಗಳು ಸೇರಿಕೊಳ್ಳುತ್ತಲೇ ಇರಬೇಕು.