ಗ್ರಾಮಸಭೆಯಲ್ಲಿ ಜನ ಒಪ್ಪುವಂತೆ ಮಾತಾಡುವುದು ಹೇಗೆ?

ಗದಗ ಸೀಮೆಯಲ್ಲಿ ಕೆರೆ ಹೂಳೆತ್ತುವ ಮಾತು ಬಂದಾಗಲೆಲ್ಲ ಒಂದೇ ತಪ್ಪು ಕಂಡಿದ್ದೇನೆ. ಎದ್ದು ನಿಂತವರು ಗಣ್ಯರ ಹೆಸರು ಮುಗಿಸುವಷ್ಟರಲ್ಲಿ ಹಿಂದಿನ ಸಾಲು ಚಹಾಕ್ಕೆ ಹೋಗಿರುತ್ತದೆ. ಬೇಡಿಕೆ ನ್ಯಾಯವಾದದ್ದು, ಮಾತು ಸೋಲುತ್ತದೆ.

ಒಪ್ಪಿಸುವ ದಾರಿಗಳನ್ನು ಗ್ರೀಸಿನ ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲೇ ಮೂರಾಗಿ ವಿಂಗಡಿಸಿದ್ದ: ಹೇಳುವವನ ಮೇಲಿನ ನಂಬಿಕೆ ಈಥೋಸ್, ಕೇಳುವವರ ಭಾವ ಪೇಥೋಸ್, ಮಾತಿನ ತರ್ಕ ಲೋಗೋಸ್.

ಮೊದಲು ನಂಬಿಕೆ. ಅದು ಆಡುವ ಮಾತಿನಿಂದಲೇ ಹುಟ್ಟಬೇಕು, ಮೊದಲೇ ಇರುವ ಹೆಸರಿನಿಂದಲ್ಲ ಎಂದಿದ್ದಾನೆ ಅವನು. ಸನ್ಮಾನಗಳ ಪಟ್ಟಿ ಬಿಡಿ. "ನಮ್ಮ ಹೊಲಾನೂ ಕೆರಿ ಕೆಳಗ ಐತ್ರಿ, ಹೂಳು ತಗದ್ರ ನನಗೂ ಲಾಭ ಐತಿ" ಎಂದು ನೀವೇ ಹೇಳಿಬಿಡಿ.

ಮುಂದಿನದು ಭಾವ, ಅದನ್ನು ತಟ್ಟುವುದು ಕಥೆ. ಬಹಳ ಮಂದಿ ಎಡವುವುದು ಇಲ್ಲೇ. "ಬರಗಾಲದಲ್ಲಿ ಜನ ಕಷ್ಟಪಟ್ಟರು" ಎಂಬುದು ಕಥೆಯಲ್ಲ, ವರದಿ. ಒಬ್ಬರು, ಒಂದು ಮುಂಜಾನೆ, ಒಂದು ವಸ್ತು ಸಾಕು. ನಸುಕಿನ ಐದಕ್ಕೆ ಟ್ಯಾಂಕರ್ ಪಾಳಿಯಲ್ಲಿ ಕೊಡ ಇಟ್ಟು ಅವ್ವ ಕೂಲಿಗೆ ಹೋದಳು. ಕೊಡ ಕಾಯಲು ಕೂತ ಮಗಳ ಬೆನ್ನಿಗೆ ಪಾಟಿಚೀಲ. ಸಾಲಿ ಗಂಟೆ ಬಾರಿಸಿತು, ಟ್ಯಾಂಕರ್ ಬರಲಿಲ್ಲ. ಅಲ್ಲಿಗೇ ನಿಲ್ಲಿಸಿ. "ಎಂಥ ನೋವಿನ ಸಂಗತಿ ನೋಡಿ" ಎಂದು ಸೇರಿಸಿದರೆ ಕೇಳುವವರ ನೋವನ್ನು ನೀವೇ ಕಸಿದುಕೊಂಡಂತೆ. ದನಿ ಏರಿಸಬೇಡಿ, ಮನಸ್ಸಿನಲ್ಲೇ ಮೂರು ಎಣಿಸಿ ಸುಮ್ಮನಿರಿ. ಕಥೆ ನಿಜವಾದದ್ದೇ ಇರಬೇಕು. ಊರಿನಲ್ಲಿ ಸುಳ್ಳು ಸಂಜೆಯೊಳಗೆ ಸಿಕ್ಕಿಬೀಳುತ್ತದೆ. ಆ ಮನೆಯವರನ್ನು ಕೇಳಿ, ಹೆಸರು ಬಿಟ್ಟು ಹೇಳಿ. ಸಭೆಯ ಹಿಂದಿನ ರಾತ್ರಿ ನಿಮ್ಮ ಮನೆಯ ಹಿರಿಯರಿಗೆ ಹೇಳಿ ನೋಡಿ. "ಮುಂದ ಏನಾತು?" ಎಂದು ಕೇಳಿದರೆ ಸರಿ, ಬರೀ ತಲೆಯಾಡಿಸಿದರೆ ಇನ್ನಷ್ಟು ಕತ್ತರಿಸಿ. ಬಸ್ ನಿಲ್ದಾಣದಲ್ಲಿ ಮಾರುವ ಸಿದ್ಧ ಭಾಷಣದ ಪುಸ್ತಕಗಳನ್ನು ಮಾತ್ರ ಕೊಳ್ಳಬೇಡಿ, ಅವುಗಳಲ್ಲಿ ನಿಮ್ಮ ಊರೇ ಇರುವುದಿಲ್ಲ.

ಮೂರನೆಯದು ತರ್ಕ, ಅಂದರೆ ಲೆಕ್ಕ. ಅದು ಕಥೆಯ ನಂತರವೇ ಬರಲಿ, ಅದೂ ಒಂದೇ. 5,000 ಲೀಟರ್ ಟ್ಯಾಂಕರೆಂದರೆ 15 ಲೀಟರಿನ 333 ಕೊಡ. ಮನೆಗೆ ನಾಲ್ಕರಂತೆ 83 ಮನೆಗೆ ಮುಗಿಯಿತು. 84ನೆಯ ಮನೆ ಯಾರದು ಎಂದು ಕೇಳಿ.

"ನಮ್ಮಿಂದ ಆಗೂದಲ್ಲ" ಎನ್ನುವವರಿಗೆ ದೂರದ ಇಸ್ರೇಲಿನ ನೀರಾವರಿ ತೋರಿಸಬೇಡಿ, ಒಗ್ಗೂಡಿ ಕೆಲಸ ಮಾಡಿದ ಹತ್ತಿರದ ಊರು ತೋರಿಸಿ. 1905ರಲ್ಲೇ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಗದಗ ತಾಲ್ಲೂಕಿನಲ್ಲೇ ಇದೆ.

ಕೊನೆಗೆ, "ಎಲ್ಲರೂ ಸಹಕರಿಸಬೇಕು" ಎನ್ನದೆ, "ಟ್ರ್ಯಾಕ್ಟರ್ ಇದ್ದವ್ರು ಕೈ ಎತ್ರಿ" ಎಂದು ಕೇಳಿ, ಎತ್ತಿದವರ ಹೆಸರನ್ನು ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.