ಅಮೆರಿಕಕ್ಕೆ ಹೊರಟ ಧಾರವಾಡದವರಿಗೆ: ಹುಲ್ಲು ಕತ್ತರಿಸುವ ಯಂತ್ರ ಕೊಳ್ಳುವ ಮುನ್ನ
ರಜೆಗೆ ಧಾರವಾಡಕ್ಕೆ ಬಂದಾಗಲೆಲ್ಲ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಅಮೆರಿಕಕ್ಕೆ ಹೊರಟವರು ಒಬ್ಬರಾದರೂ ಸಿಗುತ್ತಾರೆ. ವೀಸಾ, ಬಾಡಿಗೆ, ಮಕ್ಕಳ ಶಾಲೆ ಎಲ್ಲವನ್ನೂ ಕೇಳುತ್ತಾರೆ. ಅಂಗಳದ ಹುಲ್ಲಿನ ವಿಷಯ ಯಾರೂ ಎತ್ತುವುದಿಲ್ಲ. ಸ್ವಂತ ಮನೆಯಾದ ಮೊದಲ ಬೇಸಿಗೆಯಲ್ಲೇ ಅದು ಎದುರಾಗುತ್ತದೆ. ಹುಲ್ಲು ಮೊಳಕಾಲೆತ್ತರ ಬೆಳೆದರೆ ಎಷ್ಟೋ ಊರುಗಳಲ್ಲಿ ನಗರಾಡಳಿತದ ನೋಟಿಸೇ ಬರುತ್ತದೆ.

ತಳ್ಳಿಕೊಂಡು ಹೋಗುವ ಸಾಧಾರಣ ಪೆಟ್ರೋಲ್ ಯಂತ್ರ ಸುಮಾರು 300–400 ಡಾಲರಿಗೆ ಸಿಗುತ್ತದೆ. ತಾನೇ ಮುಂದೆ ಸಾಗುವ ಮೇಲ್ದರ್ಜೆಯದಕ್ಕೆ 700ರ ಮೇಲೆ. ಹೆಚ್ಚಿನ ಹಣ ಎಲ್ಲಿಗೆ ಹೋಗಿದೆ ಎಂದು ತಿಳಿಯಲು ಯಂತ್ರದ ತಳಭಾಗವನ್ನು ನೋಡಿ. ಬ್ಲೇಡನ್ನು ಮುಚ್ಚುವ ಹೊದಿಕೆ ತೆಳು ತಗಡಿನದಾದರೆ ಹಸಿ ಹುಲ್ಲು ಅಂಟಿ ತುಕ್ಕು ಹಿಡಿಯುತ್ತದೆ. ಇಂಜಿನ್ ರಿಪೇರಿ ಆಗುತ್ತದೆ, ಚಕ್ರ ಬದಲಿಸಬಹುದು. ಹೊದಿಕೆ ತೂತಾದರೆ ಯಂತ್ರ ಗುಜರಿಗೆ. ಎರಕದ ಅಲ್ಯುಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ಹೊದಿಕೆಗೆ ಈ ಕಾಟವಿಲ್ಲ. ಹೋಂಡಾದ ಎಚ್‌ಆರ್‌ಎಕ್ಸ್ ಮಾದರಿ ಅಂಥದ್ದು. ಕಂಪನಿ 2023ರಲ್ಲಿ ಅಮೆರಿಕದಲ್ಲಿ ಇವುಗಳ ತಯಾರಿಕೆ ನಿಲ್ಲಿಸಿದರೂ ಬಿಡಿಭಾಗಗಳು ಸಿಗುತ್ತಿವೆ. ಚೆನ್ನಾಗಿಟ್ಟುಕೊಂಡ ಹಳೆಯದು ಸಿಕ್ಕರೆ ನಾನು ಕಣ್ಣುಮುಚ್ಚಿ ಕೊಳ್ಳುತ್ತೇನೆ.

ಬಿಡಿಭಾಗದ ಬೆಲೆ ಗೊತ್ತಿಲ್ಲದೆ ನಾನೇ ಕೈ ಸುಟ್ಟುಕೊಳ್ಳಲಿದ್ದೆ. ಒಮ್ಮೆ ಬ್ಲೇಡು ಮರದ ಮೋಟಿಗೆ ಬಡಿದು ಇಂಜಿನ್ ಥಟ್ಟನೆ ನಿಂತಿತು. ಮತ್ತೆ ಶುರು ಮಾಡಲು ಹಗ್ಗ ಜಗ್ಗಿದರೆ ಕೈಗೆ ಒದ್ದಂತಾಯಿತು. ಇಂಜಿನ್ ಕೆಟ್ಟಿದೆ, ಹೊಸದು ತೆಗೆದುಕೊಳ್ಳಿ ಎಂದರು ಅಂಗಡಿಯವರು. ಪಕ್ಕದ ಮನೆಯ ಹಿರಿಯರು ಮೇಲಿನ ಮುಚ್ಚಳ ಬಿಚ್ಚಿ, ಫ್ಲೈವ್ಹೀಲಿನ, ಅಂದರೆ ಇಂಜಿನ್ನಿನ ಭಾರದ ಚಕ್ರದ, ಕೀಲಿ ತೋರಿಸಿದರು. ಉಗುರಿನಷ್ಟು ಮೆತ್ತನೆಯ ಲೋಹದ ತುಂಡು, ಅರ್ಧ ಕತ್ತರಿಸಿ ಪಕ್ಕಕ್ಕೆ ಸರಿದಿತ್ತು. ಅದು ಸರಿದರೆ ಕಿಡಿ ಹಾರುವ ಹೊತ್ತು ತಪ್ಪುತ್ತದೆ, ಅಷ್ಟೇ. ಹೊಸ ಕೀಲಿ ಕೆಲವೇ ಡಾಲರ್. ಬ್ಲೇಡು ಓಲಾಡುತ್ತಿದ್ದರೆ ಮಾತ್ರ ಅದನ್ನು ತಿರುಗಿಸುವ ಇಂಜಿನ್ನಿನ ದಂಡವೇ ಬಾಗಿರುತ್ತದೆ. ಆ ಖರ್ಚು ಮಾಡುವುದು ಬೇಡ.

ನಮ್ಮ ಕಡೆ ಸುಗ್ಗಿಗೆ ಮೊದಲು ಕುಡುಗೋಲಿಗೆ ಸಾಣೆ ಹಿಡಿಸುವಂತೆ ವರ್ಷಕ್ಕೊಮ್ಮೆಯಾದರೂ ಬ್ಲೇಡಿಗೂ ಹಿಡಿಸಿ. ಮೊಂಡಾದರೆ ಹುಲ್ಲು ಹರಿದು ತುದಿ ಕಂದುತ್ತದೆ. ಬ್ಲೇಡಿಗೆ ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಲೇಬೇಕು, ಇದರಲ್ಲಿ ಉದಾಸೀನ ಬೇಡ.

ಅಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುತ್ತಾರೆ, ಗಲಿಬಿಲಿಯಾಗಬೇಡಿ. ಅದರಲ್ಲಿ ಸಾಮಾನ್ಯವಾಗಿ ಶೇ 10ರವರೆಗೆ ಎಥೆನಾಲ್ ಇರುತ್ತದೆ. ಚಳಿಗಾಲವಿಡೀ ಟ್ಯಾಂಕಿನಲ್ಲೇ ಬಿಟ್ಟರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ, ಮಳೆಗಾಲವೆಲ್ಲ ನಿಂತ ಹುಬ್ಬಳ್ಳಿಯ ಸ್ಕೂಟರಿನಂತೆ. ಕೊನೆಯ ಕಟಾವಿನ ನಂತರ ಪೆಟ್ರೋಲ್ ಖಾಲಿಯಾಗುವವರೆಗೆ ಓಡಿಸಿಬಿಡಿ.

ಬ್ಯಾಟರಿ ಯಂತ್ರಕ್ಕೆ ಈ ಗೋಳಿಲ್ಲ. ಆದರೆ ಅದರ ಹೊಸ ಬ್ಯಾಟರಿಗೆ ಯಂತ್ರದ ಅರ್ಧ ಬೆಲೆಯಾಗುವುದುಂಟು. ಕೊಳ್ಳುವ ದಿನವೇ ಆ ದರ ವಿಚಾರಿಸಿ.

ಮನೆಗೆ ತಂದ ದಿನವೇ ಇಂಜಿನ್ ಮತ್ತು ಹೊದಿಕೆಯ ಮೇಲಿನ ಮಾದರಿ ಸಂಖ್ಯೆಯ ಚೀಟಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಷರ ಮಾಸಿರುತ್ತದೆ. ಬಿಡಿಭಾಗದ ಅಂಗಡಿಯಲ್ಲಿ ಮೊದಲು ಕೇಳುವುದೇ ಅದನ್ನು.