ಫ್ಲಾರೆನ್ಸಿನಲ್ಲಿ ಒಂದು ಚರ್ಮದ ಬ್ಯಾಗು ಕೊಳ್ಳುವುದು ಹೇಗೆ?

ಇಟಲಿಯ ಫ್ಲಾರೆನ್ಸಿನಲ್ಲಿ ಸ್ಯಾನ್ ಲೊರೆಂಜೊ ಬೀದಿ ಸಂತೆಗೆ ಕಾಲಿಟ್ಟರೆ ಚರ್ಮದ ವಾಸನೆ ಮೂಗಿಗೆ ಬಡಿಯುತ್ತದೆ. ಸಾಲು ಸಾಲು ತಳ್ಳುಗಾಡಿ, ಅವುಗಳ ತುಂಬ ಬ್ಯಾಗು, ಬೆಲ್ಟು, ಜಾಕೆಟ್ಟು. ‘ಇಂಡಿಯಾ? ನಮಸ್ತೆ!’ ಎಂದು ಮಾತಿಗೆಳೆಯುವವರೂ ಧಾರಾಳ. ಮೊದಲ ಸಲ ಹೋದಾಗ ಇಳಿದ ದಿನವೇ, ಹತ್ತು ನಿಮಿಷದೊಳಗೆ, ಕೆಂಪು ಬ್ಯಾಗೊಂದನ್ನು ಕೊಂಡುಬಿಟ್ಟೆ. ಮಾರುವವನು ಲೈಟರ್ ಹಚ್ಚಿ ಬ್ಯಾಗಿನ ಮೇಲೆ ಆಡಿಸಿ, ಸುಡಲಿಲ್ಲ ನೋಡಿ, ಅಪ್ಪಟ ಚರ್ಮ ಎಂದಿದ್ದ. ಬೆಂಗಳೂರಿನ ಎರಡನೇ ಮಳೆಗಾಲಕ್ಕೆ ಹಿಡಿಕೆಯ ಸಿಪ್ಪೆ ಎದ್ದು, ಒಳಗಿನ ಬಿಳಿ ಬಟ್ಟೆ ಹಲ್ಲು ಕಿರಿಯಿತು.

ಎರಡನೇ ಸಲ ಹೋದಾಗ ಒಂದೇ ಒಂದು ಬ್ಯಾಗಿಗೆ ಮೂರು ದಿನ ತೆಗೆದುಕೊಂಡೆ. ಜೊತೆಗಿದ್ದವರು ನಕ್ಕರು. ಆದರೆ ಅದು ಇವತ್ತಿಗೂ ಹೆಗಲ ಮೇಲಿದೆ.

ಕೆಲಸ ಮನೆಯಲ್ಲೇ ಶುರು

ಹೊರಡುವ ಮುಂಚೆ ಬೀರು ತೆಗೆದು, ನೀವು ದಿನಾ ಒಯ್ಯುವ ಬ್ಯಾಗು ಯಾವುದು ನೋಡಿ. ಟೇಪು ಹಿಡಿದು ಅದರ ಉದ್ದ, ಅಗಲ, ಪಟ್ಟಿ ಎಷ್ಟು ಕೆಳಗೆ ಇಳಿಯುತ್ತದೆ ಎಂಬುದನ್ನು ಮೊಬೈಲಿನಲ್ಲಿ ಬರೆದುಕೊಳ್ಳಿ. ಊಟದ ಡಬ್ಬಿ, ಛತ್ರಿ ಹಿಡಿಸದ ಬ್ಯಾಗು ಎಷ್ಟೇ ಚೆಂದವಿದ್ದರೂ ಮದುವೆ ಮನೆಗಷ್ಟೇ ಮೀಸಲು. ಷೂ ಕೊಳ್ಳುವ ಯೋಚನೆಯಿದ್ದರೆ ಪಾದದ ಅಳತೆಯೂ ಇರಲಿ.

ದಿನಾಂಕ ನಿಮ್ಮ ಕೈಯಲ್ಲಿದ್ದರೆ ಇನ್ನೊಂದು ಮಾತು. ಇಟಲಿಯಲ್ಲಿ ರಿಯಾಯಿತಿ ಮಾರಾಟದ ಕಾಲವನ್ನು ಸರ್ಕಾರವೇ ಗೊತ್ತುಮಾಡುತ್ತದೆ. ಜನವರಿ ಮೊದಲ ವಾರ ಒಂದು, ಜುಲೈ ಮೊದಲ ವಾರ ಇನ್ನೊಂದು. ಕಿಟಕಿಯಲ್ಲಿ ‘ಸಾಲ್ದಿ’ ಎಂಬ ಬೋರ್ಡು ಕಂಡರೆ ಅದೇ.

ಮೊದಲ ದಿನ ಜೇಬಿಗೆ ಕೈ ಹಾಕಬೇಡಿ

ಸಂತೆಯ ಬದಲು ಸಾಂತಾ ಕ್ರೋಚೆ ಚರ್ಚಿನ ಕಡೆ ನಡೆಯಿರಿ. ಅರ್ನೊ ನದಿಯ ನೀರು ಹತ್ತಿರವಿದ್ದುದರಿಂದ ಚರ್ಮ ಹದ ಮಾಡುವವರು, ಬಣ್ಣ ಹಾಕುವವರು ಹಿಂದೆ ಈ ಭಾಗದಲ್ಲೇ ಇದ್ದರು. ಅವರ ಕಸುಬಿನ ಹೆಸರು ಬೀದಿಗಳಿಗೆ ಇನ್ನೂ ಅಂಟಿಕೊಂಡಿದೆ. ಚರ್ಚಿನ ಹಿಂಬದಿಯಲ್ಲಿ ‘ಸ್ಕೂವೊಲಾ ದೆಲ್ ಕ್ವೊಯೊ’ ಎಂಬ ಚರ್ಮದ ಶಾಲೆಯಿದೆ. ಎರಡನೇ ಮಹಾಯುದ್ಧದಲ್ಲಿ ಅನಾಥರಾದ ಮಕ್ಕಳಿಗೆ ಒಂದು ಕಸುಬು ಕಲಿಸಲೆಂದು ಫ್ರಾನ್ಸಿಸ್ಕನ್ ಸನ್ಯಾಸಿಗಳು ಸ್ಥಳೀಯ ಚರ್ಮೋದ್ಯಮಿ ಕುಟುಂಬಗಳ ಜೊತೆ ಸೇರಿ 1950ರಲ್ಲಿ ತೆರೆದದ್ದು. ಈಗಲೂ ಅಲ್ಲಿ ಕುಶಲಕರ್ಮಿಗಳು ಮೇಜಿನ ಮುಂದೆ ಕೂತು ಕತ್ತರಿಸುವುದು, ಹೊಲಿಯುವುದು ಕಾಣುತ್ತದೆ. ಮಡಿಸುವ ಅಂಚನ್ನು ಚಾಕುವಿನಿಂದ ಹೆರೆದು ಹೆರೆದು ಕಾಗದದಷ್ಟು ತೆಳು ಮಾಡುವುದನ್ನು ಐದು ನಿಮಿಷ ನೋಡಿ. ಅಲ್ಲಿನ ಬೆಲೆ ಅಗ್ಗವಲ್ಲ, ಕೊಳ್ಳಲೇಬೇಕೆಂದೂ ಇಲ್ಲ. ಕಣ್ಣು ಪಳಗಿದರೆ ಸಾಕು. ಸಂತೆಯ ಅರ್ಧ ಮಾಲು ಮಾರನೇ ದಿನ ತಾನಾಗಿಯೇ ಸಪ್ಪೆ ಅನಿಸುತ್ತದೆ.

ಅಂಚು, ಮೂಗು, ಹೆಬ್ಬೆರಳು

ಲೈಟರ್ ಆಟ ಮರೆತುಬಿಡಿ. ಅರೆಕ್ಷಣ ತಾಗಿ ಹೋಗುವ ಬೆಂಕಿಗೆ ನಕಲಿ ಮಾಲೂ ಜಗ್ಗುವುದಿಲ್ಲ.

ಮೊದಲು ಕತ್ತರಿಸಿದ ಅಂಚು ಹುಡುಕಿ. ಪಟ್ಟಿಯ ತುದಿ, ಬಕಲಿನ ತೂತು, ಒಳಜೇಬಿನ ಬಾಯಿ ಹೀಗೆ ಎಲ್ಲಾದರೂ ಸಿಗುತ್ತದೆ. ಅಲ್ಲಿ ಎಳೆ ಎಳೆ ನಾರು ಒತ್ತಾಗಿ ಹೆಣೆದಂತೆ ಕಂಡರೆ ಚರ್ಮ. ಮೇಲೊಂದು ನಯವಾದ ಹಾಳೆ, ಕೆಳಗೆ ಬಟ್ಟೆ ಎಂದು ಎರಡು ಪದರ ಬೇರೆಯಾಗಿ ಕಂಡರೆ ನನ್ನ ಕೆಂಪು ಬ್ಯಾಗಿನ ತಂಗಿ! ಎಲ್ಲ ಅಂಚಿಗೂ ದಪ್ಪ ಬಣ್ಣ ಮೆತ್ತಿ ಮುಚ್ಚಿದ್ದರೆ ಬ್ಯಾಗಿನ ಒಳಗೆ ಕೈ ಹಾಕಿ ಹೊಲಿಗೆಯ ಹಿಂಬದಿ ನೋಡಿ.

ಆಮೇಲೆ ಹೆಬ್ಬೆರಳಿಂದ ಒತ್ತಿ. ಒಳ್ಳೆಯ ಚರ್ಮ ಬೆರಳ ಸುತ್ತ ಸಣ್ಣ ಸಣ್ಣ ಸುಕ್ಕು ಕಟ್ಟುತ್ತದೆ, ಬಿಟ್ಟರೆ ಮರಳುತ್ತದೆ. ಅಲ್ಲಲ್ಲಿ ಗೀರು, ಸೊಳ್ಳೆ ಕಚ್ಚಿದಂಥ ಗುರುತು ಇದ್ದರೆ ಬೇಸರ ಬೇಡ, ಅದು ಪ್ರಾಣಿಯ ಮೈಮೇಲಿದ್ದ ಗುರುತು. ಎಲ್ಲೆಡೆ ಒಂದೇ ಅಚ್ಚಿನ ಗೆರೆ ಇದ್ದರೆ ಅನುಮಾನ ಪಡಿ.

ಚೀಟಿಯ ಮೇಲೆ ‘ವೇರಾ ಪೆಲ್ಲೆ’ ಎಂದಿದ್ದರೆ ‘ನಿಜವಾದ ಚರ್ಮ’ ಎಂದಷ್ಟೇ ಅರ್ಥ. ಯಾವ ದರ್ಜೆಯದು ಎಂದು ಅದು ಹೇಳುವುದಿಲ್ಲ. ಇಟಲಿಯವರು ಚರ್ಮದ ಮೇಲ್ಪದರವನ್ನು ‘ಹೂವು’ ಎನ್ನುತ್ತಾರೆ. ಉಜ್ಜಿ ಸವೆಸದ ಪೂರ್ತಿ ಮೇಲ್ಪದರ ಬೇಕಿದ್ದರೆ ‘ಪಿಯೆನೊ ಫಿಯೋರೆ?’ ಎಂದು ಕೇಳಿ. ಅಂಗಡಿಯವರ ದನಿ ಒಂದು ಮೆಟ್ಟಿಲು ಇಳಿಯುತ್ತದೆ, ಇವರಿಗೆ ಗೊತ್ತು ಎಂದು.

ಕೊನೆಗೆ ವಾಸನೆ. ನಮ್ಮ ಅಜ್ಜ ಮೆಟ್ಟುತ್ತಿದ್ದದ್ದು ಅಥಣಿಯ ಚಪ್ಪಲಿ. ಹೊಸ ಜೋಡಿ ಮನೆಗೆ ಬಂದ ದಿನ ಪಡಸಾಲೆ ತುಂಬ ತೊಗಟೆಯ ಒಗರು ವಾಸನೆ. ಆ ಕಡೆ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ತೊಗಲು ಹದ ಮಾಡುತ್ತಾರೆ. ಫ್ಲಾರೆನ್ಸ್ ಇರುವ ಟಸ್ಕನಿ ಸೀಮೆಯಲ್ಲಿ ಚೆಸ್ಟ್‌ನಟ್, ಮಿಮೋಸಾದಂಥ ಮರಗಳ ಸಾರ. ವಿದ್ಯೆ ಒಂದೇ, ಮರ ಬೇರೆ. ಕ್ರೋಮಿಯಂ ಲವಣದಲ್ಲಿ ಬೇಗ ಮುಗಿಯುವ ಕೆಲಸ ಇದರಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಹೀಗೆ ಹದ ಮಾಡಿದ ಚರ್ಮಕ್ಕೆ ಟಸ್ಕನಿಯ ಕಾರ್ಖಾನೆಗಳ ಒಕ್ಕೂಟವೊಂದು ಖಾತರಿ ಚೀಟಿ ಕೊಡುತ್ತದೆ, ಇದ್ದರೆ ತೋರಿಸಲು ಹೇಳಿ. (2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಷೋದಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿಯನ್ನು ಮೂಲ ಹೇಳದೆ ಮೆರೆಸಿ, ಗದ್ದಲವಾದ ಮೇಲೆ ಒಪ್ಪಿಕೊಂಡಿತಲ್ಲ, ಆ ಚಪ್ಪಲಿಯ ಜಿಐ (ಇಂಥ ಊರಿನದೇ ಮಾಲು ಎಂಬ ಭೌಗೋಳಿಕ ಸೂಚಕ) ಗುರುತಿನಲ್ಲಿ ಬೆಳಗಾವಿ ಸೇರಿ ನಮ್ಮ ನಾಲ್ಕು ಜಿಲ್ಲೆಗಳಿಗೂ ಪಾಲಿದೆ.)

ಬೆಲೆ, ಬಿಲ್ಲು, ತೆರಿಗೆ

ತಳ್ಳುಗಾಡಿಯಲ್ಲಿ ಚೌಕಾಸಿ ನಡೆಯುತ್ತದೆ, ಬಾಗಿಲಿರುವ ಅಂಗಡಿಯಲ್ಲಿ ಸಾಮಾನ್ಯವಾಗಿ ಇಲ್ಲ. ಕಾರ್ಡ್ ಉಜ್ಜುವಾಗ ಮಷಿನ್ ‘ರೂಪಾಯಿಯಲ್ಲೋ ಯೂರೋದಲ್ಲೋ’ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ.

ಪಾದಚಾರಿ ದಾರಿಯಲ್ಲಿ ಬಟ್ಟೆ ಹಾಸಿ ದೊಡ್ಡ ಬ್ರಾಂಡುಗಳ ನಕಲಿ ಮಾರುವವರ ಹತ್ತಿರ ನಿಲ್ಲಲೂ ಬೇಡಿ. ಅಲ್ಲಿ ಕೊಂಡವರಿಗೂ ದಂಡವಿದೆ, 7,000 ಯೂರೋವರೆಗೆ.

ಒಂದೇ ಅಂಗಡಿಯಲ್ಲಿ 70 ಯೂರೋ ದಾಟಿ ಕೊಂಡರೆ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ತೆರಿಗೆ ವಾಪಸು ಸಿಗುತ್ತದೆ. 2024ರ ಜನವರಿವರೆಗೆ ಈ ಮಿತಿ 154.94 ಯೂರೋ ಇತ್ತು. ಪಾಸ್‌ಪೋರ್ಟ್ ತೋರಿಸಿ ಅಲ್ಲೇ ಫಾರಂ ಕೇಳಿ ಪಡೆಯಿರಿ. ತೆರಿಗೆ 22 ಶೇಕಡಾ ಎಂದು 22 ಕೈಗೆ ಬರುವುದಿಲ್ಲ. ಅದು ಬೆಲೆಯೊಳಗೇ ಸೇರಿರುವುದರಿಂದ ನೀವು ಕೊಟ್ಟ ನೂರರಲ್ಲಿ ಸುಮಾರು 18 ಮಾತ್ರ ತೆರಿಗೆ. ತೆರಿಗೆ ವಾಪಸು ಕೊಡಿಸುವ ಏಜೆನ್ಸಿಯ ಕಮಿಷನ್ ಹೋದ ಮೇಲೆ ಉಳಿಯುವುದು ಇನ್ನೂ ಕಡಿಮೆ. ವಿಮಾನ ನಿಲ್ದಾಣದಲ್ಲಿ ಚೆಕ್‌-ಇನ್‌ಗೆ ಕೊಡುವ ಮುಂಚೆ ಫಾರಂ, ಬಿಲ್ಲು, ಮಾಲು ಮೂರೂ ಕೈಯಲ್ಲಿರಲಿ. ಕಸ್ಟಮ್ಸಿನವರು ಬ್ಯಾಗು ತೋರಿಸಿ ಎಂದಾಗ ಅದು ಸೂಟ್‌ಕೇಸಿನೊಳಗೆ ಕೂತು ಬೆಲ್ಟಿನ ಮೇಲೆ ಹೋಗಿಬಿಟ್ಟಿರಬಾರದು.

ಆ ಬಿಲ್ಲನ್ನು ಎಸೆಯಬೇಡಿ. ಸುಂಕವಿಲ್ಲದೆ ತರಬಹುದಾದ ಮಿತಿಯನ್ನು ಭಾರತದ ಕಸ್ಟಮ್ಸ್ ಜಾಲತಾಣದಲ್ಲಿ ಹೊರಡುವ ಮುಂಚೆಯೇ ನೋಡಿರಿ. ಅದನ್ನು ದಾಟಿದ್ದರೆ ಊರಿಗಿಳಿದ ಮೇಲೆ ರೆಡ್ ಚಾನೆಲ್, ಅಂದರೆ ಸುಂಕ ಕಟ್ಟಬೇಕಾದವರ ದಾರಿ.

ಊರಿಗೆ ಬಂದ ಮೇಲೆ

ಬರುವಾಗಲೇ ಬ್ಯಾಗಿನೊಳಗೆ ಸಾಕ್ಸು ತುರುಕಿ ತನ್ನಿ, ಆಕಾರ ಕೆಡುವುದಿಲ್ಲ. ಮನೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಜುಲೈ ಹೊತ್ತಿಗೆ ಬೂಷ್ಟು ಗ್ಯಾರಂಟಿ. ಹಳೆಯ ಹತ್ತಿ ದಿಂಬಿನ ಕವರು ಸಾಕು. ಮಳೆಯಲ್ಲಿ ನೆನೆದರೆ ಬಿಸಿಲಿಗೆ ಹಾಕದೆ ನೆರಳಿನಲ್ಲಿ, ಗಾಳಿಗೆ ನೇತುಹಾಕಿ. ನನ್ನ ಬ್ಯಾಗಿನ ತಿಳಿಗಂದು ಬಣ್ಣ ಹಿಡಿಕೆಯ ಹತ್ತಿರ ಕಪ್ಪಾಗುತ್ತಾ, ಅಜ್ಜನ ಚಪ್ಪಲಿಯ ಬಣ್ಣಕ್ಕೆ ತಿರುಗುತ್ತಿದೆ.